ಯಕ್ಷಗಾನದ ಫೋಟೋ ಗೋಡೆಗೆ ಹಾಕಲು ಯಾವ ಪೇಪರ್?

ಪ್ರಶ್ನೆ (ಉಡುಪಿಯಿಂದ): ಅಣ್ಣಾ, ನಮ್ಮೂರ ಬಯಲಾಟದಲ್ಲಿ ತೆಗೆದ ಬಣ್ಣದ ವೇಷದ ಫೋಟೋ ಒಂದು ತುಂಬಾ ಚೆನ್ನಾಗಿ ಬಂದಿದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ. ಅಪ್ಪನ ಅರವತ್ತಕ್ಕೆ 12×18 ಇಂಚಿನಲ್ಲಿ ಫ್ರೇಮ್ ಹಾಕಿಸಿ ಕೊಡಬೇಕು. ಚಾವಡಿಯಲ್ಲಿ, ಬಾಗಿಲಿನ ಎದುರು ಗೋಡೆಗೆ. ಗ್ಲಾಸಿ ಹಾಕು ಅಂತ ಒಬ್ಬರು, ಮ್ಯಾಟ್ ಹಾಕು ಅಂತ ಇನ್ನೊಬ್ಬರು. ಮನೆಯ ಪ್ರಿಂಟರಿನಲ್ಲಿ ಎ4 ಗ್ಲಾಸಿ ಮೇಲೆ ತೆಗೆದು ನೋಡಿದೆ. ಹಿಂದಿನ ಕತ್ತಲೆ ಕಪ್ಪಾಗದೆ ಕಂದು ಬಣ್ಣವಾಗಿದೆ. ಏನು ಮಾಡಲಿ?

ಉತ್ತರ: ಲಸ್ಟರ್ ಹಾಕಿಸಿ. ಹೊಳೆಯುವ ಗ್ಲಾಸಿಗೂ ಹೊಳಪಿಲ್ಲದ ಮ್ಯಾಟ್‌ಗೂ ನಡುವಿನ ಪೇಪರ್ ಅದು.

ಗ್ಲಾಸಿಯಲ್ಲಿ ಕಪ್ಪು ಗಾಢವಾಗಿ ಬರುವುದು ನಿಜ. ಆದರೆ ಬಾಗಿಲಿನ ಎದುರು ಹಾಕಿದರೆ ಹಗಲಿಡೀ ಅದರಲ್ಲಿ ಅಂಗಳವೇ ಕಾಣುತ್ತದೆ, ವೇಷ ಕಾಣುವುದಿಲ್ಲ. ಮ್ಯಾಟ್‌ನಲ್ಲಿ ಹೊಳಪಿನ ತೊಂದರೆ ಇಲ್ಲ, ಆದರೆ ಕಪ್ಪು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯ ಆಟದ ಫೋಟೋದಲ್ಲಿ ಅರ್ಧಕ್ಕರ್ಧ ಕತ್ತಲೆಯೇ ಅಲ್ವಾ? ಆ ಕತ್ತಲೆ ಇದ್ದರೇ ಮುಖದ ಬಣ್ಣ ಎದ್ದು ಬರುವುದು. ಲಸ್ಟರ್‌ನ ಮೈ ಸಣ್ಣಗೆ ತರಿತರಿಯಾಗಿರುತ್ತದೆ. ಕಪ್ಪು ಉಳಿಯುತ್ತದೆ, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಬೆರಳಚ್ಚೂ ಅಷ್ಟಾಗಿ ಕಾಣುವುದಿಲ್ಲ. ಮದುವೆ ಆಲ್ಬಮ್‌ಗಳಿಗೆ ಇದನ್ನು ಜಾಸ್ತಿ ಬಳಸುವುದು ಅದಕ್ಕೇ.

ನಿಮ್ಮ ಪ್ರಿಂಟಿನ ಕಂದು ಬಣ್ಣಕ್ಕೆ ಪೇಪರ್ ಒಂದೇ ಕಾರಣ ಆಗಿರಲಿಕ್ಕಿಲ್ಲ. ನಾಲ್ಕು ಶಾಯಿ ಬಾಟಲಿಯ ಕೆಲವು ಪ್ರಿಂಟರುಗಳಲ್ಲಿ ಕಪ್ಪು ಶಾಯಿ ಇರುವುದು ಅಕ್ಷರಕ್ಕೆ. ಫೋಟೋ ಪೇಪರ್ ಅಂತ ಆರಿಸಿದ ಕೂಡಲೇ ಅದನ್ನು ಬಿಟ್ಟು, ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಈ ಫೋಟೋವನ್ನು ಲ್ಯಾಬಿಗೇ ಕೊಡಿ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕಕ್ಕೆ, 3600×5400 ಪಿಕ್ಸೆಲ್ ಬೇಕು, ನಿಮ್ಮದರಲ್ಲಿ 4000×6000 ಇರುತ್ತದೆ. ಫೈಲನ್ನು ಮಾತ್ರ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಪಿಕ್ಸೆಲ್ ಕಡಿಮೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ.

ಪ್ರಶ್ನೆ (ಅವರೇ): ಥ್ಯಾಂಕ್ಸ್ ಅಣ್ಣಾ. ಫ್ರೇಮಿಗೆ ಗಾಜು ಬೇಕಾ?

ಉತ್ತರ: ಬೇಕು. ಬಾಗಿಲಿನ ಎದುರಾದ್ದರಿಂದ ಹೊಳಪು ಕಡಿಮೆ ಇರುವ ಗಾಜೇ ಕೇಳಿ. ಆದರೆ ಫೋಟೋಗೆ ಗಾಜು ತಾಗಬಾರದು. ನಮ್ಮ ಕರಾವಳಿಯವರು ಮರೆಯಲೇಬಾರದ ಮಾತು ಇದು. ನಾನು ಕೆಲಸ ಕಲಿಯುತ್ತಿದ್ದಾಗ ಅಮ್ಮನ ಫೋಟೋ ಒಂದನ್ನು ಗ್ಲಾಸಿಯಲ್ಲಿ ತೆಗೆದು, ನೇರ ಗಾಜಿಗೆ ಒತ್ತಿ ಫ್ರೇಮ್ ಮಾಡಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಕೆನ್ನೆಯ ಭಾಗ ಗಾಜಿನಲ್ಲೇ ಉಳಿಯಿತು. ಅದರ ನೆಗೆಟಿವ್ ಕೂಡ ನಮ್ಮಲ್ಲಿ ಇರಲಿಲ್ಲ. ಈಗಲೂ ನೆನಪಾದರೆ ಸಂಕಟ ಆಗುತ್ತದೆ. ಫೋಟೋಗೂ ಗಾಜಿಗೂ ನಡುವೆ, ಸುತ್ತ ದಪ್ಪ ರಟ್ಟಿನ ಮೌಂಟ್ ಹಾಕಿಸಿ. ಆ ಒಂದೆರಡು ಮಿಲಿಮೀಟರ್ ಸಂದು ಸಾಕು. ಹಿಂದೆಯೂ ಗೋಡೆಯ ತೇವ ತಾಗದ ಹಾಗೆ ಮೂಲೆಗಳಿಗೆ ಸಣ್ಣ ರಬ್ಬರ್ ಬುಶ್ ಅಂಟಿಸಿ.

ಪ್ರಶ್ನೆ (ಸುರತ್ಕಲ್‌ನಿಂದ): ಸರ್, ನಾನು ಮಕ್ಕಳ ಫೋಟೋ 4×6ರಲ್ಲಿ ಮನೆಯಲ್ಲೇ ತೆಗೆಯುತ್ತೇನೆ. 180 ಜಿಎಸ್‌ಎಂ ಸಾಕಾ, 270 ಬೇಕಾ?

ಉತ್ತರ: ಆಲ್ಬಮ್ ಜೇಬಿಗೆ ಹಾಕುವುದಾದರೆ 180 ಸಾಕು ಮೇಡಂ. ಕೈಯಿಂದ ಕೈಗೆ ದಾಟಿಸಿ ನೋಡುವುದಾದರೆ 270 ಮಡಚಿಕೊಳ್ಳುವುದು ಕಡಿಮೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಪೇಪರಿನ ತೂಕ ಅಷ್ಟೇ. ಬಣ್ಣ ಹೇಗೆ ಬರುತ್ತದೆ ಎನ್ನುವುದು ಮೇಲಿನ ಲೇಪದ ಮೇಲೆ ನಿಂತಿದೆ. ಹಾಗಾಗಿ ನಿಮ್ಮ ಪ್ರಿಂಟರ್ ಕಂಪನಿಯದೇ ಸಣ್ಣ ಪ್ಯಾಕ್ ಒಂದು ತಂದು, ಒಂದೇ ಫೋಟೋವನ್ನು ಅದರಲ್ಲೂ ನೀವು ಈಗ ಬಳಸುವ ಪೇಪರಿನಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಸೆಟ್ಟಿಂಗಿನಲ್ಲಿ ಪೇಪರ್ ಯಾವುದು ಅಂತ ಸರಿಯಾಗಿ ಆರಿಸಿ. ಪ್ಲೇನ್ ಪೇಪರ್ ಅಂತ ಬಿಟ್ಟರೆ ಎಂಥ ಒಳ್ಳೆಯ ಪೇಪರೂ ಹಾಳು.

ಮಳೆಗಾಲದಲ್ಲಿ ತೆಗೆದ ಪ್ರಿಂಟನ್ನು ಒಂದು ದಿನವಾದರೂ ಒಳಗೆ ಒಣಗಲು ಬಿಟ್ಟು ಆಮೇಲೆ ಆಲ್ಬಮಿಗೆ ಹಾಕಿ. ಒಡೆದ ಪ್ಯಾಕನ್ನು ಜಿಪ್ ಕವರಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.