ಪುಸ್ತಕದಲ್ಲಿಟ್ಟ ಹೂವು ಕಪ್ಪಾಗಿದೆ, ಏನು ಮಾಡೋದು?

ಪ್ರಶ್ನೆ:
ಮಗಳಿಗೆ 4 ವರ್ಷ. ಎಲ್ಲಿ ಹೋದರೂ ಜೇಬು ತುಂಬ ಎಲೆ, ಹೂವು, ಗರಿ. ಹೋದ ವಾರ ದಪ್ಪ ಪುಸ್ತಕದೊಳಗೆ ಒತ್ತಿಟ್ಟಿದ್ದೆವು. ಇವತ್ತು ತೆಗೆದರೆ ದಾಸವಾಳ ಹಾಳೆಗೆ ಅಂಟಿಕೊಂಡು ಕಪ್ಪಗಾಗಿದೆ, ಎಲೆಗೆಲ್ಲ ಬೂಸ್ಟು. "ಹೂವಿಗೆ ಜ್ವರ ಬಂತಾ?" ಅಂತ ಕೇಳುತ್ತಿದ್ದಾಳೆ. ಎಲ್ಲಿ ತಪ್ಪಿದೆ?

ಉತ್ತರ 1:
ದಾಸವಾಳದಲ್ಲಿ ನೀರು ಜಾಸ್ತಿ, ಮೇಲಿಂದ ಲೋಳೆ ಬೇರೆ. ತೆಳು ಎಸಳಿನ ಹೂವು ಆರಿಸಿ, ಇಬ್ಬನಿ ಆರಿದ ಮೇಲೆ ಕೀಳಿ. ನುಣುಪು ಹಾಳೆ ನೀರು ಹೀರುವುದಿಲ್ಲ. ಹಳೇ ನ್ಯೂಸ್‌ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ. ಮೊದಲ 3-4 ದಿನ ದಿನಾ ಪೇಪರ್ ಬದಲಿಸಿ.

ಉತ್ತರ 2:
ಅಷ್ಟು ದಿನ ಕಾಯೋ ತಾಳ್ಮೆ ನನ್ನ ಮಗನಿಗಂತೂ ಇಲ್ಲ! ಎಲೆಯನ್ನು ಬೋರಲು ಹಾಕಿ, ಮೇಲೆ ತೆಳು ಕಾಗದ ಇಟ್ಟು, ಕ್ರೇಯಾನ್ ಮಲಗಿಸಿ ಉಜ್ಜಿ. ಹಿಂಬದಿಯಲ್ಲಿ ನರಗಳು ಉಬ್ಬಿರುತ್ತವೆ, ಅಚ್ಚು ಚೆನ್ನಾಗಿ ಮೂಡುತ್ತದೆ. ಹುಲ್ಲಿನ ಎಲೆಯಲ್ಲಿ ಗೆರೆ ಸಾಲಾಗಿ, ದಾಸವಾಳದ ಎಲೆಯಲ್ಲಿ ಬಲೆಯ ಹಾಗೆ. ಇದನ್ನು ಕಂಡುಹಿಡಿದಿದ್ದು ಅವನೇ, ನಾನಲ್ಲ.

ಪ್ರಶ್ನೆ ಕೇಳಿದವರು:
ಉಜ್ಜಿ ನೋಡಿದೆವು, ಸೂಪರ್! ಗೋಡೆಗೂ ಉಜ್ಜಿದ್ದಾಳೆ, ಅದು ಬಿಡಿ. ಜ್ವರದ ದಾಸವಾಳವನ್ನು ಮಾತ್ರ ಬಿಸಾಡಲು ಬಿಡುತ್ತಿಲ್ಲ. ಬೆಂಕಿಪೆಟ್ಟಿಗೆಯಲ್ಲಿ ಮಲಗಿಸಿದ್ದಾಳೆ.