‘ಡೋನರ್’ ಕಾರಿಗೆ ಕನ್ನಡದಲ್ಲಿ ಏನನ್ನೋಣ?

ಒಂದು ಸಾಧಾರಣ ಎಸ್ಟೇಟ್ ಕಾರಿಗೆ (ಡಿಕ್ಕಿಯ ಮೇಲೂ ಸೂರು ಚಾಚಿಕೊಂಡಿರುವ ಕಾರು) ಅದೇ ಜಾತಿಯ ಜೋರು ಕಾರಿನ ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸೀಟು ಎಲ್ಲ ತಂದು ಕೂರಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಾಗ ಕೊಡುವ ಕಾರಿಗೆ ಇಂಗ್ಲಿಷಿನಲ್ಲಿ ‘ಡೋನರ್’ ಅಂತಾರೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ. ‘ದಾನಿ ಕಾರು’ ಅಂತ ಬರೆದರೆ ಯಾರೋ ಪುಣ್ಯಾತ್ಮರು ಪುಕ್ಕಟೆ ಕೊಟ್ಟ ಕಾರು ಅನ್ನಿಸುತ್ತದೆ.

ದಾನಕ್ಕೆ ಮನಸ್ಸಿರಬೇಕು. ಕರ್ಣನಿಂದ ಹಿಡಿದು ರಕ್ತದಾನಿವರೆಗೆ ಎಲ್ಲರೂ ತಾವಾಗಿ ಕೊಟ್ಟವರೇ. ಗುದ್ದಿಸಿಕೊಂಡು, ಇನ್ಶೂರೆನ್ಸಿನವರೂ ಕೈಬಿಟ್ಟ ಕಾರು ಏನನ್ನೂ ಕೊಡುವುದಿಲ್ಲ, ನಾವೇ ಕಿತ್ತುಕೊಳ್ಳುತ್ತೇವೆ. ಹಾಗಂತ ‘ಗುಜರಿ ಗಾಡಿ’ ಅನ್ನಲೂ ಬರುವುದಿಲ್ಲ. ಗುಜರಿ ಅಂದ್ರೆ ತೂಕಕ್ಕೆ ಹೋಗುವ ಮಾಲು. ಇಲ್ಲಿ ಬೇಕಾಗಿರುವುದು ಎಂಜಿನ್ ಇನ್ನೂ ಓಡುತ್ತಿರುವ, ವೈರಿಂಗ್ ಯಾರೂ ಕತ್ತರಿಸದ, ಕೀಲಿ ಸಮೇತ ಸಿಗುವ ಗಾಡಿ. ಕೀಲಿ ಯಾಕೆ ಅಂದರೆ, 1990ರ ದಶಕದ ನಡುವಿನಿಂದೀಚೆಗಿನ ಬಿಎಂಡಬ್ಲ್ಯುಗಳಲ್ಲಿ ಕೀಲಿ, ಕಳ್ಳತನ ತಡೆಯುವ ಪೆಟ್ಟಿಗೆ, ಎಂಜಿನ್ ಕಂಪ್ಯೂಟರ್ ಈ ಮೂರೂ ಒಂದನ್ನೊಂದು ಗುರುತು ಹಿಡಿದರೆ ಮಾತ್ರ ಎಂಜಿನ್ ಶುರುವಾಗೋದು. ಎಂಜಿನ್ ಮಾತ್ರ ತಂದು ಕೂರಿಸಿದರೆ ಅದು ಸುಮ್ನೆ ಕೂತಿರುತ್ತದೆ. ಹೀಗಾಗಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಇಡೀ ಗಾಡಿಯನ್ನೇ ತಂದು ಬಿಚ್ಚುವವರು ಜಾಸ್ತಿ.

ಎಂಜಿನ್ ಬದಲಾವಣೆಗೆ ಮಾತ್ರ ನನಗೆ ‘ಕಸಿ’ ತುಂಬ ಹಿಡಿಸಿದೆ. ಗಿಡಕ್ಕೂ ಕಸಿ, ಕಿಡ್ನಿಗೂ ಕಸಿ, ಎಂಜಿನ್‌ಗೂ ಇರಲಿ. ಒಗ್ಗಬೇಕು ಅನ್ನೋ ಅರ್ಥ ಆ ಪದದಲ್ಲೇ ಇದೆ. ಬಿಎಂಡಬ್ಲ್ಯು 5 ಸರಣಿಯ ಹಳೇ ತಲೆಮಾರಾದ ಇ39ನ್ನೇ ನೋಡಿ. ಅದರ ಆರು ಸಿಲಿಂಡರ್ ಮಾದರಿಗಳ ಸ್ಟೀರಿಂಗ್ ರ‍್ಯಾಕ್ ಬಗೆಯದು, ಎಂಟು ಸಿಲಿಂಡರಿನ ವಿ8 ಮಾದರಿಗಳದ್ದು ಹಳೇ ಕ್ರಮದ ಸ್ಟೀರಿಂಗ್ ಬಾಕ್ಸ್. ಆರು ಸಿಲಿಂಡರ್ ಎಸ್ಟೇಟಿಗೆ ಅದೇ ಸರಣಿಯ ಜೋರು ಮಾದರಿ ಎಂ5ನ ವಿ8 ಇಳಿಸಲು ಹೊರಟರೆ ಮುಂದಿನ ಸಬ್‌ಫ್ರೇಮ್ (ಎಂಜಿನ್ ಹೊರುವ ಚೌಕಟ್ಟು), ಸ್ಟೀರಿಂಗ್ ಎಲ್ಲವನ್ನೂ ಬದಲಾಯಿಸಬೇಕು. ಗೊತ್ತಿದ್ದವರು ಮೊದಲೇ ವಿ8 ಇರುವ 540ಐ ಎಸ್ಟೇಟನ್ನೇ ಹುಡುಕುತ್ತಾರೆ.

ಆದರೆ ಪೂರ್ತಿ ಗಾಡಿ ಕಟ್ಟುವಾಗ ‘ಕಸಿ’ ಸಾಲುವುದಿಲ್ಲ. ನನ್ನ ಬರಹದ ಕಾರು ಇ46 ಎಂ3 ಎಸ್ಟೇಟ್. ಇ46 ಅಂದರೆ ಬಿಎಂಡಬ್ಲ್ಯು 3 ಸರಣಿಯ ಹಳೇ ತಲೆಮಾರು, ಎಂ3 ಅದರ ಜೋರು ಮಾದರಿ. ಬಿಎಂಡಬ್ಲ್ಯು 2000ದಲ್ಲಿ ಇಂಥದ್ದೊಂದು ಮಾದರಿ ಮಾಡಿ ನೋಡಿತು, ಮಾರಾಟಕ್ಕೆ ಬಿಡಲಿಲ್ಲ. ಕಂಪನಿಯೇ ಎಂ3 ಎಸ್ಟೇಟ್ ಮಾರಿದ್ದು 2022ರಲ್ಲಿ. ನಡುವಿನ ಇಷ್ಟು ವರ್ಷ ಆಸೆಯಿದ್ದವರು ತಾವೇ ಕಟ್ಟಿಕೊಂಡರು. ಎರಡು ಬಾಗಿಲಿನ ಎಂ3ಯಿಂದ 343 ಅಶ್ವಶಕ್ತಿಯ 3.2 ಲೀಟರ್ ಎಂಜಿನ್, ಆರು ಗೇರಿನ ಪೆಟ್ಟಿಗೆ, ಹಿಂದಿನ ಆಕ್ಸಲ್, ಬ್ರೇಕು, ಡ್ಯಾಶ್‌ಬೋರ್ಡ್, ವೈರಿಂಗ್ ಎಲ್ಲ ಎಸ್ಟೇಟಿನ ಬಾಡಿಯೊಳಕ್ಕೆ ಬರುತ್ತದೆ. ಎಸ್ಟೇಟಿನದು ಅಂತ ಉಳಿಯುವುದು ತಗಡು, ಗಾಜು, ಚಾಸಿ ನಂಬರ್. ಈಗ ಹೇಳಿ, ಯಾರು ಯಾರಿಗೆ ಕೊಟ್ಟ ಹಾಗಾಯಿತು? ಎಂ3ಯೇ ತನ್ನ ಮೈ ಬಿಟ್ಟು ಇನ್ನೊಂದು ಮೈ ಹೊಕ್ಕಿತು ಅನ್ನಬಹುದು. ಪರಕಾಯ ಪ್ರವೇಶ! ಶೀರ್ಷಿಕೆಗೆ ಚೆನ್ನಾಗಿರುತ್ತದೆ, ಆದರೆ ಪ್ಯಾರಾಕ್ಕೊಮ್ಮೆ ಬಳಸುವ ಪದ ಅಲ್ಲ ಅದು.

ಸದ್ಯಕ್ಕೆ ನಾನು ನಿಂತಿರುವುದು ‘ಬಿಚ್ಚೋ ಗಾಡಿ’, ‘ಕಟ್ಟೋ ಗಾಡಿ’ ಅನ್ನುವ ಜೋಡಿಯಲ್ಲಿ. ಲಾರಿಗೆ ‘ಬಾಡಿ ಕಟ್ಟಿಸೋದು’ ಎಲ್ಲರ ಬಾಯಲ್ಲೂ ಇದೆ, ಹಾಗಾಗಿ ಕಟ್ಟುವುದಕ್ಕೆ ತಕರಾರಿಲ್ಲ. ‘ನಿರ್ಮಾಣ’ ಅಂದ್ರೆ ಸೇತುವೆನೋ ಸಿನಿಮಾನೋ ನೆನಪಾಗುತ್ತದೆ. ‘ಬಿಚ್ಚು’ ಬದಲು ‘ಕಳಚು’ ಒಳ್ಳೆಯದು ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ನಟ್ಟು ಬೋಲ್ಟು ಬಿಚ್ಚುತ್ತೇವೆ. ಕಳಚುವುದು ತಾನಾಗಿಯೂ ಆಗಬಹುದು, ಓಡುವಾಗ ಚಕ್ರ ಕಳಚಿಕೊಂಡಿತು ಅಂತೀವಿ ಅಲ್ವಾ? ಈ ಜೋಡಿಯಲ್ಲಿ ಇನ್ನೊಂದು ಅನುಕೂಲ ಇದೆ. ಯಾವುದರಿಂದ ಎಷ್ಟು ಭಾಗ ಬಂತು ಅನ್ನೋ ಲೆಕ್ಕ ಬೇಡ, ಚಾಸಿ ನಂಬರ್ ಯಾವುದರದು ಉಳಿಯುತ್ತೋ ಅದು ಕಟ್ಟೋ ಗಾಡಿ.

‘ಎಸ್ಟೇಟ್’ ಬಗ್ಗೆಯೂ ಒಂದು ಮಾತು. ಕನ್ನಡದವರಿಗೆ ಎಸ್ಟೇಟ್ ಅಂದರೆ ತೋಟ. ತಮಾಷೆ ಏನಂದ್ರೆ ಬ್ರಿಟಿಷರ ಪದದ ಹಿಂದೆಯೂ ಹಳ್ಳಿ ಕಡೆಯ ದೊಡ್ಡ ಜಮೀನಿನ ಮನೆಯೇ ಇದೆ. ಅಮೆರಿಕದವರು ಅದೇ ಕಾರನ್ನು ರೈಲ್ವೆ ಸ್ಟೇಷನ್ ಕಡೆಯಿಂದ ನೋಡಿ ಸ್ಟೇಷನ್ ವ್ಯಾಗನ್ ಅಂದರು. ಜರ್ಮನರಿಗೆ ಅದು ಕೊಂಬಿ. ನಾನು ಎಸ್ಟೇಟ್ ಅಂತಲೇ ಇಟ್ಟು, ಮೊದಲ ಸಲ ಬಂದಾಗ ‘ಡಿಕ್ಕಿಯ ಮೇಲೂ ಸೂರು ಚಾಚಿಕೊಂಡಿರುವ ಕಾರು’ ಅಂತ ಬಿಡಿಸಿ ಹೇಳುತ್ತೇನೆ. ‘ಹೈ ಪರ್ಫಾರ್ಮೆನ್ಸ್’ ಅನ್ನೋದಕ್ಕೆ ‘ಉನ್ನತ ಕಾರ್ಯಕ್ಷಮತೆ’ಯನ್ನು ಮಾತ್ರ ದಯವಿಟ್ಟು ಯಾರೂ ಸೂಚಿಸಬೇಡಿ, ಅದು ಅಧಿಕಾರಿಗಳ ಬಡ್ತಿ ಪತ್ರಕ್ಕೆ ಇರಲಿ. ‘ಕಸುವಿನ ಗಾಡಿ’ ಸಾಕು.

ನೋಡಲು ಸಾಧು, ತುಳಿದರೆ ಹುಲಿ ಅನ್ನುವಂಥ ಕಾರಿಗೆ ಅಮೆರಿಕದವರು ‘ಸ್ಲೀಪರ್’ ಅಂತಾರೆ. ನಮಗೆ ಸ್ಲೀಪರ್ ಅಂದರೆ ಮಲಗಿಕೊಂಡು ಹೋಗುವ ಬಸ್ಸು. ಬ್ರಿಟನ್ನಿನಲ್ಲಿ ‘ಕ್ಯೂ ಕಾರ್’ ಅಂತಲೂ ಇದೆ. ಮೊದಲ ಮಹಾಯುದ್ಧದಲ್ಲಿ ಸರಕಿನ ಹಡಗಿನ ವೇಷದಲ್ಲಿ ಫಿರಂಗಿ ಬಚ್ಚಿಟ್ಟುಕೊಂಡು ಜಲಾಂತರ್ಗಾಮಿಗಳನ್ನು ಹತ್ತಿರ ಎಳೆಯುತ್ತಿದ್ದ ಕ್ಯೂ ಹಡಗುಗಳಿಂದ ಬಂದ ಹೆಸರು ಅದು. ನಮ್ಮಲ್ಲಿ ‘ಬೂದಿ ಮುಚ್ಚಿದ ಕೆಂಡ’ ಸಿದ್ಧವಾಗಿಯೇ ಇದೆ. ಇದಕ್ಕಿಂತ ಚೆನ್ನಾಗಿರೋದು ಬೇಕೇ?

ಕೊನೆಯದು ನಿಜಕ್ಕೂ ನನಗೆ ಹೊಳೆಯದೇ ಇರುವುದು. ಎಂ3ಯ ಹಿಂಚಕ್ರಗಳು ಜಾಸ್ತಿ ಹೊರಗೆ ಬರುತ್ತವೆ, ಹಾಗಾಗಿ ಚಕ್ರದ ಮೇಲಿನ ತಗಡೂ ಉಬ್ಬಬೇಕು. ಎರಡು ಬಾಗಿಲಿನ ಕಾರಿನಿಂದ ಆ ತಗಡನ್ನು ಕತ್ತರಿಸಿ ತಂದು ಬೆಸುಗೆ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಾಲ್ಕು ಬಾಗಿಲಿನ ಎಸ್ಟೇಟಿನಲ್ಲಿ ಚಕ್ರದ ಕಮಾನಿನ ಮುಂದಿನ ತುದಿ ಹಿಂದಿನ ಬಾಗಿಲಿನ ಮೇಲೆ ಬರುತ್ತದೆ. ಬಾಗಿಲಿನ ಅಂಚನ್ನೂ ಅದೇ ಉಬ್ಬಿಗೆ ಹೊಂದುವಂತೆ ಹೊರಕ್ಕೆ ಎಳೆಯಬೇಕು, ಮುಚ್ಚಿದಾಗ ಗೆರೆ ತಪ್ಪಬಾರದು. ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಜಾಗ ಇದೇ. ತಗಡಿಗೆ ಹೀಗೆ ಹೊಟ್ಟೆ ಬರಿಸುವುದಕ್ಕೆ ಟಿಂಕರಿಂಗ್ ಮಾಡುವವರು ಒಂದೇ ಮಾತಿನಲ್ಲಿ ಏನನ್ನುತ್ತಾರೆ? ‘ಉಬ್ಬಿಸು’ ಅಂದರೆ ಬಲೂನಿನ ಹಾಗೆ ಕೇಳುತ್ತೆ, ‘ಬಡಿ’ ಅಂದರೆ ಒಳಕ್ಕೋ ಹೊರಕ್ಕೋ ಗೊತ್ತಾಗುವುದಿಲ್ಲ. ಆ ಕೆಲಸದವರ ಜೊತೆ ಒಡನಾಟ ಇದ್ದವರು ತಿಳಿಸಿ.