ಕುಂಬಳೆ ಸ್ಟೇಶನ್ನಿನಿಂದ ದಿನಾ ಮಂಗಳೂರಿಗೆ ರೈಲು: ಗೊತ್ತಿರುವವರು ಹೇಳಿ

ಸೀತಾಂಗೋಳಿಯಿಂದ ಪ್ರಶ್ನೆ: ಮಗಳಿಗೆ ಮಂಗಳೂರಿನ ಹಂಪನಕಟ್ಟೆ ಹತ್ತಿರದ ಕಾಲೇಜಿನಲ್ಲಿ ಡಿಗ್ರಿ ಸೀಟು ಸಿಕ್ಕಿದೆ. ಕುಂಬಳೆವರೆಗೆ ಸ್ಕೂಟರ್, ಅಲ್ಲಿಂದ ರೈಲು ಅಂತ ಲೆಕ್ಕ ಹಾಕಿದ್ದೇವೆ. ಸೀಸನ್ ಟಿಕೆಟ್ (ರೈಲಿನ ಪಾಸು) ಮಾಡಿಸುವುದು ಹೇಗೆ? ಮಳೆಗಾಲದಲ್ಲಿ ರೈಲನ್ನು ನಂಬಬಹುದಾ? ಸ್ಕೂಟರ್ ದಿನವಿಡೀ ಕಡಲಗಾಳಿಗೆ ನಿಂತರೆ ಹಾಳಾಗುವುದಿಲ್ಲವಾ?

ಬೇಳದಿಂದ: ದುಡ್ಡು ಕೊಟ್ಟು ಸೀಸನ್ ಮಾಡಿಸುವ ಮೊದಲು ಕಾಲೇಜು ಆಫೀಸಿನಲ್ಲಿ ಒಮ್ಮೆ ಕೇಳಿ. ರೈಲ್ವೆಯ ರಿಯಾಯಿತಿ ಪಟ್ಟಿಯಲ್ಲಿ ಹೆಣ್ಣುಮಕ್ಕಳಿಗೆ ಡಿಗ್ರಿವರೆಗೆ, ಗಂಡುಮಕ್ಕಳಿಗೆ 12ನೇ ಕ್ಲಾಸಿನವರೆಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ತಿಂಗಳ ಸೀಸನ್ ಉಚಿತ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ, ಸುಮ್ಮನೆ ಪೂರ್ತಿ ದುಡ್ಡು ಕಟ್ಟುತ್ತಾರೆ. ರಿಯಾಯಿತಿ ಫಾರ್ಮನ್ನು ರೈಲ್ವೆ ಕಾಲೇಜಿಗೆ ಕೊಟ್ಟಿರುತ್ತದೆ. ಅದರಲ್ಲಿ ಪ್ರಿನ್ಸಿಪಾಲರ ಸಹಿ, ಸೀಲು ಬೇಕು. ಹೆಚ್ಚಾಗಿ ಎಡವುವುದು ಊರ ಹೆಸರು ಬರೆಯುವಾಗ. ಬರೀ ‘ಮಂಗಳೂರು’ ಎಂದು ಬರೆಸಬೇಡಿ, ‘ಮಂಗಳೂರು ಸೆಂಟ್ರಲ್’ ಎಂದೇ ಇರಲಿ. ಮನೆ ಸೀತಾಂಗೋಳಿಯಾದರೂ ಹತ್ತುವ ಜಾಗ ಕುಂಬಳೆ ಸ್ಟೇಶನ್ ಅಂತಲೇ ಇರಬೇಕು.

ಮಾಮೂಲಿ ಸೀಸನ್ ಆದರೆ ಫೋಟೋ ಇರುವ ಗುರುತಿನ ಚೀಟಿ ಬೇಕು, ಅದರ ನಂಬರು ಸೀಸನ್ ಮೇಲೆ ಬರುತ್ತದೆ. ಚೀಟಿ ಮನೆಯಲ್ಲಿ ಬಿಟ್ಟು ಸೀಸನ್ ಮಾತ್ರ ತೋರಿಸಿದರೆ ಟಿಕೆಟ್ ಇಲ್ಲದ ಲೆಕ್ಕವೇ: ಪ್ರಯಾಣದ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಅವಧಿ ಮುಗಿಯುವ 10 ದಿನ ಮೊದಲೇ ನವೀಕರಿಸಬಹುದು. ಮೂರು ತಿಂಗಳದ್ದಕ್ಕೆ ತಿಂಗಳ ದರದ 2.7 ಪಟ್ಟು. ಆದರೆ ನಡುವೆ ದಸರೆ ರಜೆ ಬಂದರೆ ಆ ಲಾಭ ಅಲ್ಲಿಗೇ ಹೋಗುತ್ತದೆ, ಕ್ಯಾಲೆಂಡರ್ ನೋಡಿ ಮಾಡಿಸಿ.

ಉಪ್ಪಳದಿಂದ: ಮೇಲಿನವರು ಹೇಳಿದ ‘ಸೆಂಟ್ರಲ್’ ವಿಷಯ ಸಣ್ಣದಲ್ಲ. ನೇತ್ರಾವತಿ ಸೇತುವೆ ದಾಟಿದ ಮೇಲೆ ಹಳಿ ಕವಲಾಗುತ್ತದೆ. ಕೆಲವು ಗಾಡಿ ಸೆಂಟ್ರಲ್‌ಗೆ, ಕೊಂಕಣ ಕಡೆಗೆ ಹೋಗುವಂಥವು ಪಡೀಲಿನ ಬಳಿಯ ಜಂಕ್ಷನ್‌ಗೆ. ಸೆಂಟ್ರಲ್‌ನಲ್ಲಿ ಇಳಿದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಜಂಕ್ಷನ್‌ನಲ್ಲಿ ಇಳಿದರೆ ಮತ್ತೆ ಬಸ್ಸು ಹಿಡಿಯಬೇಕು. ಗಾಡಿಯ ಹೆಸರಿನಲ್ಲಿ ‘ಮಂಗಳೂರು’ ಇದ್ದ ಮಾತ್ರಕ್ಕೆ ಹತ್ತಬಾರದು. ಆ್ಯಪಿನಲ್ಲಿ ಹೆಸರು ಹುಡುಕುವ ಬದಲು ಕೋಡ್ ಹಾಕಿ: ಕುಂಬಳೆಗೆ ಕೆ.ಎಂ.ಕ್ಯೂ., ಸೆಂಟ್ರಲ್‌ಗೆ ಎಂ.ಎ.ಕ್ಯೂ., ಜಂಕ್ಷನ್‌ಗೆ ಎಂ.ಎ.ಜೆ.ಎನ್.

ದೇರಳಕಟ್ಟೆ, ಕೊಣಾಜೆ ಕಡೆ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಮಂಗಳೂರುವರೆಗೆ ಹೋಗಬೇಕಾಗಿಲ್ಲ. ಉಳ್ಳಾಲದಲ್ಲಿ ಇಳಿದರೆ ತೊಕ್ಕೊಟ್ಟು ಹತ್ತಿರವೇ, ಅಲ್ಲಿಂದ ಬಸ್ಸು. ಉಳ್ಳಾಲದಲ್ಲಿ ನಿಲ್ಲುವುದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿ ಮಾತ್ರ.

ಪ್ರಶ್ನೆ ಕೇಳಿದವರು: ಉಪಕಾರ ಆಯ್ತು. ಸೀಸನ್ ಇದ್ದರೆ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಬೋಗಿಗೂ ಹತ್ತಬಹುದಾ?

ಬೇಳದಿಂದ: ಇಲ್ಲ. ಜನರಲ್ ಬೋಗಿ ಮಾತ್ರ. ಕೆಲವು ಗಾಡಿಗಳಲ್ಲಿ ‘ಡಿ-ರಿಸರ್ವ್ಡ್’ (ರಿಸರ್ವೇಶನ್ ಬೇಡದ್ದು) ಎಂದು ಬಿಟ್ಟ ಸ್ಲೀಪರ್ ಇರುತ್ತದೆ, ಅದು ಗೊತ್ತುಮಾಡಿದ ದೂರಕ್ಕೆ ಮಾತ್ರ. ಸೂಪರ್‌ಫಾಸ್ಟ್ ಹತ್ತುವುದಾದರೆ ಅದರ ಹೆಚ್ಚುವರಿ ಶುಲ್ಕ ಬೇರೆ ಕಟ್ಟಬೇಕು.

ಆರಿಕ್ಕಾಡಿಯಿಂದ: ಸೀಸನ್ ಕೈಗೆ ಬರುವವರೆಗೆ ರೈಲ್ವೆ ಆ್ಯಪಿನಲ್ಲಿ ತೆಗೆದ ಮೊಬೈಲ್ ಟಿಕೆಟ್ ಸಾಕು. ಆದರೆ ಸ್ಟೇಶನ್ ಒಳಗೆ ಬಂದು ತೆಗೆಯಲು ಹೋದರೆ ಆ್ಯಪ್ ಬಿಡುವುದಿಲ್ಲ. ಗಾಡಿ ಹತ್ತಿದ ಮೇಲೆ ಟಿಕೆಟ್ ತೆಗೆಯುವುದನ್ನು ತಡೆಯಲು ಹಾಗೆ ಮಾಡಿದ್ದಾರೆ. ಪೇಟೆಯಲ್ಲೇ ತೆಗೆದುಕೊಳ್ಳಿ, ಇಲ್ಲವೇ ಸ್ಟೇಶನ್ನಿನ ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಆ್ಯಪ್ ತೆರೆದೇ ತೋರಿಸಬೇಕು.

ಈಗ ಮುಖ್ಯ ವಿಷಯ. ಸಣ್ಣ ಸ್ಟೇಶನ್ನುಗಳಲ್ಲಿ ಗಾಡಿ ನಿಲ್ಲುವುದು ಹೆಚ್ಚಾಗಿ ಒಂದೇ ನಿಮಿಷ. ಜನರಲ್ ಬೋಗಿ ಸಾಮಾನ್ಯವಾಗಿ ಎರಡು ತುದಿಗಳಲ್ಲಿ, ಮಹಿಳೆಯರ ಬೋಗಿ ಗಾರ್ಡ್ ಡಬ್ಬಿಯ ಪಕ್ಕ. ಗಾಡಿ ಬಂದ ಮೇಲೆ ಓಡುವ ಬದಲು ಎಲ್ಲಿ ಬಂದು ನಿಲ್ಲುತ್ತದೆ ಎಂದು ಮೊದಲ ದಿನವೇ ಒಂದು ಕಂಬವನ್ನು ಗುರುತು ಇಟ್ಟುಕೊಳ್ಳಲಿ. ಮಳೆಯಲ್ಲಿ ಗಾಡಿ ಕಾಣಿಸಿದ ಕೂಡಲೇ ಕೊಡೆ ಮಡಚಿ ಬ್ಯಾಗಿಗೆ ಹಾಕಿ ಎರಡೂ ಕೈ ಖಾಲಿ ಮಾಡಿಕೊಳ್ಳಬೇಕು. ಒದ್ದೆ ಮೆಟ್ಟಿಲು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್: ಜಾರುವುದು ಹೀಗೆಯೇ.

ಹಳಿ ದಾಟಬೇಡಿ ಎಂದು ಮಗಳಿಗೆ ಗಟ್ಟಿಯಾಗಿ ಹೇಳಿ. ಇಲ್ಲಿ ಜೋಡಿ ಹಳಿ. ಒಂದರಲ್ಲಿ ಗಾಡಿ ನಿಂತಿರುವಾಗ ಇನ್ನೊಂದರಲ್ಲಿ ನಿಲ್ಲದ ಗಾಡಿ ಬರುವುದು ಕಾಣುವುದಿಲ್ಲ. ಕರೆಂಟಿನ ಇಂಜಿನಿಗೆ ಸದ್ದು ಕಮ್ಮಿ, ಅದರ ಮೇಲೆ ಕಡಲಗಾಳಿ ಬೇರೆ. ಕಾನೂನಿನಲ್ಲಿ 1,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು ಇದೆ, ಜೀವದ ಮುಂದೆ ಅದೇನೂ ಅಲ್ಲ. ಅಡಿಕೆ ಕೊಯ್ಯುವ ದೋಟಿಯನ್ನು ಹೆಗಲ ಮೇಲೆ ನೆಟ್ಟಗೆ ಹಿಡಿದು ಈ ಕಡೆಯಿಂದ ಆ ಕಡೆ ಹೋಗುವವರಿದ್ದಾರೆ, ಅವರಿಗೂ ಹೇಳಬೇಕು: ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ತಾಗಬೇಕೆಂದೇ ಇಲ್ಲ, ಹತ್ತಿರ ಹೋದರೂ ಎಳೆಯುತ್ತದೆ.

ಕೊಯಿಪ್ಪಾಡಿಯಿಂದ: ಸ್ಕೂಟರ್ ಬಗ್ಗೆ. ಗಾಳಿಯಲ್ಲಿ ಬರುವ ಉಪ್ಪು ಲೋಹದ ಮೇಲೆ ಕೂತು ತೇವ ಎಳೆಯುತ್ತದೆ, ಹಾಗಾಗಿ ಬಿಸಿಲಿದ್ದರೂ ತುಕ್ಕು. ಮೊದಲು ಹಾಳಾಗುವುದು ಕಣ್ಣಿಗೆ ಕಾಣುವ ಜಾಗ ಅಲ್ಲ: ಸ್ಟ್ಯಾಂಡಿನ ಸ್ಪ್ರಿಂಗ್, ಬ್ರೇಕ್ ಕೇಬಲಿನ ತುದಿ, ಸೈಲೆನ್ಸರ್ ಕೂಡುವಲ್ಲಿ, ಕಾಲಿಡುವ ಹಲಗೆಯ ಅಡಿ. ವಾರಕ್ಕೊಮ್ಮೆ ಬಾವಿನೀರಿನಲ್ಲಿ ಅಡಿಭಾಗ ತೊಳೆದು ಒರೆಸಿ ಒಣಗಿಸಿ. ತಿಂಗಳಿಗೊಮ್ಮೆ ಸ್ಟ್ಯಾಂಡಿನ ತಿರುಗಣೆಗೆ ಗ್ರೀಸ್, ಕೇಬಲಿಗೆ ಎರಡು ಹನಿ ಎಣ್ಣೆ. ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿಯಬಾರದು, ಇಳಿದರೆ ಬ್ರೇಕ್ ಹಿಡಿಯುವುದಿಲ್ಲ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಲೇಬೇಡಿ, ಒಳಗೇ ಬೆವರಿ ತುಕ್ಕು ಇಮ್ಮಡಿಯಾಗುತ್ತದೆ. ಮತ್ತೆ ನೆರಳು ಅಂತ ತೆಂಗಿನಮರದ ಬುಡದಲ್ಲಿ ನಿಲ್ಲಿಸಬೇಡಿ ಮಾರಾಯ್ರೇ.

ಮಂಜೇಶ್ವರದಿಂದ: ಮಳೆಗಾಲದ ವೇಳಾಪಟ್ಟಿ ಕೊಂಕಣ ರೈಲುಮಾರ್ಗದ್ದು, ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಗುಡ್ಡ ಕುಸಿಯುವ ಭಯದಿಂದ ಅಲ್ಲಿ ಗಾಡಿಗಳ ವೇಗ ಇಳಿಸುತ್ತಾರೆ. ಕಣ್ಣೂರು ಕಡೆಯಿಂದ ಬಂದು ಸೆಂಟ್ರಲ್‌ನಲ್ಲಿ ಮುಗಿಯುವ ಗಾಡಿಗಳಿಗೆ ಅದರ ಲೆಕ್ಕ ಇಲ್ಲ. ಇವು ತಡವಾಗುವುದು ಬೇರೆ ಕಾರಣಕ್ಕೆ: ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲದಿದ್ದರೆ ಹೊರಗೇ ನಿಲ್ಲಿಸಿಬಿಡುತ್ತಾರೆ. ಅಲ್ಲಿ ಹಳಿಗೆ ಹಾರಿ ನಡೆಯುವವರನ್ನು ನೋಡಿ ಮಗಳು ಇಳಿಯದಿರಲಿ.

ಪರೀಕ್ಷೆಯ ದಿನ ಒಂದು ಗಾಡಿ ಮೊದಲೇ ಹೋಗಲಿ. ಮನೆಯಿಂದ ಹೊರಡುವ ಮುಂಚೆ 139ಕ್ಕೆ ಫೋನ್ ಮಾಡಿದರೆ ಗಾಡಿ ಎಲ್ಲಿದೆ ಎಂದು ತಿಳಿಯುತ್ತದೆ. ಗಾಡಿಯಲ್ಲಿ ಯಾರಾದರೂ ತೊಂದರೆ ಕೊಟ್ಟರೂ ಅದೇ ನಂಬರು. ತೀರಾ ತಡ ಅಂತಾದರೆ ಕಾಯುತ್ತಾ ನಿಲ್ಲದೆ ಕುಂಬಳೆ ಪೇಟೆಗೆ ಬಂದು ಕಾಸರಗೋಡು–ಮಂಗಳೂರು ಸರಕಾರಿ ಬಸ್ಸು ಹಿಡಿಯಲಿ. ತಲಪಾಡಿ ದಾಟಿ ಹಂಪನಕಟ್ಟೆ ಮುಟ್ಟಲು ಒಂದು ಗಂಟೆಯ ಮೇಲೆ ಬೇಕು, ಬಸ್ಸಿನ ದುಡ್ಡು ಯಾವಾಗಲೂ ಬ್ಯಾಗಿನಲ್ಲಿ ಬೇರೆಯೇ ಇಟ್ಟಿರಲಿ.